ಗೊತ್ತಿದ್ದೂ ಕೈ ಹಚ್ಚಲಾಗದ ಕೆಲಸ: ಎಡಿಎಚ್‌ಡಿ ಇದ್ದವರು ಶುರು ಮಾಡುವುದು ಹೇಗೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಕೆಎಎಸ್‌ಗೆ ಓದುವ ಹುಡುಗರಲ್ಲಿ, ಗದಗಿನ ಪ್ರೆಸ್ಸುಗಳಲ್ಲಿ, ಹಾವೇರಿ ಕಡೆ ಸ್ವಂತ ಉದ್ಯೋಗ ಹಾಕಬೇಕೆಂದು ಓಡಾಡುವವರಲ್ಲಿ ಒಂದು ಬಗೆಯ ಮಂದಿ ಇರುತ್ತಾರೆ. ಕೆಲಸ ಅವರಿಗೆ ಚೆನ್ನಾಗಿ ಗೊತ್ತು. ಬೇಕಾದರೆ ನಿಮ್ಮನ್ನು ಕೂಡ್ರಿಸಿಕೊಂಡು ಹೇಳಿಕೊಟ್ಟಾರು. ಮಾಡಬೇಕೆಂಬ ಆಸೆ ಇದೆ, ಮಾಡದಿದ್ದರೆ ಆಗುವ ಲುಕ್ಸಾನಿನ ಲೆಕ್ಕವೂ ಇದೆ. ಆದರೂ ಕೈ ಹಚ್ಚಲು ಆಗುವುದಿಲ್ಲ. ಮೇಜು ಒರೆಸುತ್ತಾರೆ, ಫೋನ್ ಚಾರ್ಜಿಗೆ ಹಾಕುತ್ತಾರೆ, ಒಂದು ಚಹಾ ಕುಡಿದು ಬರೋಣ ಅನ್ನುತ್ತಾರೆ. ಸಂಜೆ ಹೊತ್ತಿಗೆ ಮೈ ದಣಿದಿರುತ್ತದೆ, ಕೆಲಸ ಮಾತ್ರ ಬೆಳಗ್ಗೆ ಇದ್ದಲ್ಲೇ ಇರುತ್ತದೆ.

ಮನೆಯವರು ಇದಕ್ಕೆ ಮೈಗಳ್ಳತನ ಅನ್ನುತ್ತಾರೆ. ಆದರೆ ಮೈಗಳ್ಳನಿಗೆ ಕೆಲಸ ತಪ್ಪಿಸಿಕೊಂಡರೆ ಆರಾಮ ಅನಿಸುತ್ತದೆ. ಇವರಿಗೆ ಒಂದು ಗಳಿಗೆಯೂ ಆರಾಮ ಇರುವುದಿಲ್ಲ. ಮಲಗಿದಾಗಲೂ ಅದೇ ಕೆಲಸ ತಲೆ ತಿನ್ನುತ್ತಿರುತ್ತದೆ.

ಇಂಥವರಲ್ಲಿ ಕೆಲವರಿಗೆ ಎಡಿಎಚ್‌ಡಿ ಇರಬಹುದು. ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಡಪಡಿಕೆ) ಎಂಬುದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಚಿಕ್ಕಂದಿನಲ್ಲೇ ಶುರುವಾಗಿ ಬಹಳ ಜನರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಯೋಜನೆ ಹಾಕುವುದು, ಆರಂಭಿಸುವುದು, ಅಡ್ಡ ಬಂದ ಯೋಚನೆಯನ್ನು ತಡೆದು ಪಕ್ಕಕ್ಕಿಡುವುದು, ಹೊತ್ತಿನ ಅಂದಾಜು ಇಟ್ಟುಕೊಳ್ಳುವುದು ಇವೆಲ್ಲ ಮುಖ್ಯವಾಗಿ ಹಣೆಯ ಹಿಂದಿರುವ ಮಿದುಳಿನ ಭಾಗದ ಮೇಲೆ ನಿಂತಿವೆ. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಅಲ್ಲಿ ಕೆಲಸ ಮಾಡುವ ರೀತಿ ಎಡಿಎಚ್‌ಡಿ ಇದ್ದವರಲ್ಲಿ ಸ್ವಲ್ಪ ಬೇರೆ. ಹಾಗಾಗಿ ಈಗಲೇ ಸಿಗುವ ಸಣ್ಣ ಫಲ ಜೋರಾಗಿ ಎಳೆಯುತ್ತದೆ, ಆರು ತಿಂಗಳ ಮೇಲೆ ಸಿಗುವ ದೊಡ್ಡ ಫಲಕ್ಕೆ ಆ ಎಳೆತ ಇರುವುದಿಲ್ಲ. ಈ ವಿಷಯದಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರ ವಾದದ ತಿರುಳು ಇಷ್ಟು: ಏನು ಮಾಡಬೇಕೆಂಬುದು ಇವರಿಗೆ ಗೊತ್ತು, ಗೊತ್ತಿದ್ದದ್ದನ್ನು ಸರಿಯಾದ ಹೊತ್ತಿಗೆ ಮಾಡಿ ತೋರಿಸುವಲ್ಲಿ ತೊಡಕು. ಎಂಜಿನ್ ಸರಿ ಇದೆ, ಹಳಿ ಖಾಲಿ ಇದೆ, ಸಿಗ್ನಲ್ ಮಾತ್ರ ಬೀಳುತ್ತಿಲ್ಲ.

ಆದ್ದರಿಂದ 'ಮನಸ್ಸು ಗಟ್ಟಿ ಮಾಡು' ಎಂಬ ಉಪದೇಶ ಇಲ್ಲಿ ಇಲ್ಲ. ತಲೆಯೊಳಗೆ ಬೀಳದ ಸಿಗ್ನಲ್ಲನ್ನು ಹೊರಗೆ ಕಟ್ಟಿಕೊಳ್ಳಬೇಕು: ಕಾಗದದಲ್ಲಿ, ಜಾಗದಲ್ಲಿ, ಗಡಿಯಾರದಲ್ಲಿ, ಪಕ್ಕದಲ್ಲಿ ಕೂತ ಮನುಷ್ಯನಲ್ಲಿ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕೇ. ನಾನು ಹುಬ್ಬಳ್ಳಿಯ ಮನೆಯಲ್ಲೇ ಕೂತು ಪ್ರೆಸ್ಸುಗಳಿಗೆ ಪುಟ ಜೋಡಿಸಿಕೊಡುವವನು, ಎಡಿಎಚ್‌ಡಿ ನನಗೂ ಇದೆ; ಇವುಗಳಲ್ಲಿ ಹೆಚ್ಚಿನವು ದಿನಾ ಬಳಸುವಂಥವೇ. ಆದರೆ ಉದಾಹರಣೆಗೆ ನನ್ನ ಕೆಲಸ ಬೇಡ. ಬ್ಯಾಡಗಿ ಕಡೆಯ ಪರಿಚಯದ ಹುಡುಗನೊಬ್ಬ ಖಾರಪುಡಿ ಘಟಕ ಹಾಕಲು ಹೊರಟಿದ್ದಾನೆ, ಅವನದನ್ನೇ ಹಿಡಿಯೋಣ. ಬೆಳೆ ಕಣ್ಣೆದುರಿಗಿದೆ, ಕಾಯಿ ಡಬ್ಬಿ ತಳಿಯದೋ ಕಡ್ಡಿ ತಳಿಯದೋ ಎಂಬುದು ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಇಷ್ಟೆಲ್ಲ ಇದ್ದೂ ಅವನ ಸಾಲದ ಅರ್ಜಿ ಮೊದಲ ಸಾಲಿನಲ್ಲೇ ನಿಂತಿತ್ತು.

1. ಎಲ್ಲಿ ಸಿಕ್ಕಿಬಿದ್ದಿದ್ದೀರಿ ಎಂದು ನೋಡಿ

ಶುರುವಾಗದ ಕೆಲಸವೆಲ್ಲ ಒಂದೇ ಕಾರಣಕ್ಕೆ ನಿಂತಿರುವುದಿಲ್ಲ. ಮದ್ದೂ ಒಂದೇ ಅಲ್ಲ. ನಾನು ನೋಡಿದ ಮಟ್ಟಿಗೆ ನಾಲ್ಕು ಕಾರಣ.

ಒಂದು, ಮಬ್ಬು. 'ಘಟಕ ಹಾಕಬೇಕು' ಎಂಬುದು ಕೆಲಸವೇ ಅಲ್ಲ, ಅದು ಐವತ್ತು ಕೆಲಸಗಳ ಗಂಟು. ಗಂಟಿನ ತುದಿ ಕಾಣದಿದ್ದರೆ ಕೈ ಎಲ್ಲಿ ಹಾಕಬೇಕು? ಎರಡು, ಅಂಜಿಕೆ. ಬ್ಯಾಂಕಿನವರು ಏನಂದಾರು, ಅಪ್ಪ ಏನಂದಾರು, ಹಿಂದೊಮ್ಮೆ ಅರ್ಧಕ್ಕೆ ಬಿಟ್ಟದ್ದು ಎಲ್ಲಿ ನೆನಪು ಮಾಡಿಕೊಟ್ಟಾರು. ಮೂರು, ಬರೀ ಬೇಸರ: ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಜೋಡಿಸುವಂಥದ್ದು. ನಾಲ್ಕು, ದೂರ. ಗಡುವು ಎಲ್ಲೋ ಇದೆ, ಅಥವಾ ಗಡುವೇ ಇಲ್ಲ.

ಮಬ್ಬಿಗೆ ಮದ್ದು ಎರಡನೇ ಹೆಜ್ಜೆಯಲ್ಲಿದೆ. ಬೇಸರಕ್ಕೆ, ಅಂಜಿಕೆಗೆ ಜೊತೆಗಾರ ಬೇಕು, ಅದು ಐದನೆಯದು. ದೂರಕ್ಕೆ ಬೇರೆಯವರಿಗೆ ಕೊಟ್ಟ ಮಾತು ಬೇಕು, ಅದು ಏಳನೆಯದು. ಯಾವುದೆಂದು ತಿಳಿಯದಿದ್ದರೆ ಮಬ್ಬು ಎಂದೇ ಹಿಡಿದು ಮುಂದೆ ಹೋಗಿ. ಹೆಚ್ಚಿನ ಸಲ ಅದೇ ಆಗಿರುತ್ತದೆ.

2. ಮೊದಲ ಚಲನೆಯನ್ನು ಕಾಗದಕ್ಕೆ ಇಳಿಸಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಮಾಡುವುದಾದರೆ ಇದನ್ನು ಮಾಡಿ.

ಒಂದು ಖಾಲಿ ಹಾಳೆ, ಒಂದು ಪೆನ್ನು. ಫೋನ್ ಬೇಡ. ಫೋನಿನಲ್ಲಿ ಬರೆಯಲು ಹೋದವರು ಬೇರೆಲ್ಲೋ ತೇಲುತ್ತಾರೆ. ತಲೆಯಲ್ಲಿ ಇದ್ದದ್ದನ್ನೆಲ್ಲ ಕ್ರಮ ನೋಡದೆ ಬರೆಯಿರಿ. ಆ ಹುಡುಗನ ಹಾಳೆಯಲ್ಲಿ ಇದ್ದದ್ದು ಹೀಗೆ: ಮಶೀನ್ ರೇಟು. ಜಾಗ ನಮ್ಮದೋ ಕಾಕಾಂದೋ? ಉದ್ಯಮ್ ನೋಂದಣಿ. ಎಫ್‌ಎಸ್‌ಎಸ್‌ಎಐ (ಆಹಾರದ ಪರವಾನಗಿ). ಪ್ಯಾಕೆಟ್ ಮೇಲೆ ಹೆಸರು ಏನು? ಸಬ್ಸಿಡಿ ಎಷ್ಟು? ಕರೆಂಟ್ ಲೋಡ್ ಸಾಕಾಗ್ತದೇನು? ಅಪ್ಪಗ ಹೇಳೂದು. ಪ್ರಾಜೆಕ್ಟ್ ರಿಪೋರ್ಟ್.

ಇದರಲ್ಲಿ 'ಪ್ರಾಜೆಕ್ಟ್ ರಿಪೋರ್ಟ್' ಎಂಬ ಸಾಲಿಗೆ ಅವನು ಮೂರು ಸಲ ಗೆರೆ ಎಳೆದಿದ್ದ, ಅಷ್ಟು ಭಾರ ಅದು. ಆದರೆ ಅದಕ್ಕೆ ಕೈ ಹಚ್ಚಲಾಗದೆ ಇದ್ದದ್ದೇಕೆಂದರೆ ಮಶೀನ್ ರೇಟು ಗೊತ್ತಿಲ್ಲದೆ ರಿಪೋರ್ಟಿನ ಒಂದು ಅಂಕಿಯೂ ಕೂಡುವುದಿಲ್ಲ. ರೇಟು ಬೇಕೆಂದರೆ ಕೊಟೇಶನ್ ಬೇಕು. ಕೊಟೇಶನ್ ಬೇಕೆಂದರೆ ಫೋನ್ ಮಾಡಬೇಕು. ಫೋನ್ ಮಾಡಬೇಕೆಂದರೆ ನಂಬರ್ ಬೇಕು. ನಂಬರ್ ಎಲ್ಲಿದೆ? ಹುಬ್ಬಳ್ಳಿಯಲ್ಲಿ ಒಬ್ಬರು ಕೊಟ್ಟ ವಿಸಿಟಿಂಗ್ ಕಾರ್ಡು ಹಳೆ ಪ್ಯಾಂಟಿನ ಕಿಸೆಯಲ್ಲಿ.

ಹಾಗಾದರೆ ಮೊದಲ ಚಲನೆ ಇದು: ಪ್ಯಾಂಟಿನ ಕಿಸೆಯಿಂದ ಕಾರ್ಡು ತೆಗೆದು ಟೇಬಲ್ ಮೇಲೆ ಇಡುವುದು.

ನಗು ಬರಬಹುದು. ಆದರೆ ಗುರುತಿಸಬೇಕಾದದ್ದು ಇದನ್ನೇ. ಮೊದಲ ಚಲನೆಗೆ ಮೂರು ಪರೀಕ್ಷೆ. ಅದನ್ನು ಕೈಯಿಂದಲೋ ಕಾಲಿನಿಂದಲೋ ಮಾಡುವಂತಿರಬೇಕು. 'ವಿಚಾರ ಮಾಡು', 'ಪ್ಲ್ಯಾನ್ ಹಾಕು' ಎಂಬವು ಚಲನೆಗಳಲ್ಲ. ಮುಗಿದದ್ದು ಕಣ್ಣಿಗೆ ಕಾಣಬೇಕು. ಕಾರ್ಡು ಟೇಬಲ್ ಮೇಲಿದೆ ಅಥವಾ ಇಲ್ಲ. ಇನ್ನು ಅದಕ್ಕೆ ಮುಂಚೆ ಬೇರೇನೂ ಮಾಡಬೇಕಾಗಿರಬಾರದು. ಮುಂಚೆ ಏನಾದರೂ ಇದ್ದರೆ ಅದೇ ಮೊದಲ ಚಲನೆ, ಇನ್ನೊಂದು ಮೆಟ್ಟಿಲು ಇಳಿಯಿರಿ.

ಓದುವವರಿಗೂ ಲೆಕ್ಕ ಇದೇ. 'ಭಾರತದ ಸಂವಿಧಾನ ಮುಗಿಸಬೇಕು' ಎಂದು ಬರೆದರೆ ಸಾಯಂಕಾಲದವರೆಗೂ ಆ ಪುಸ್ತಕ ಮುಚ್ಚಿಯೇ ಇರುತ್ತದೆ. 'ಮೂಲಭೂತ ಹಕ್ಕುಗಳ ಅಧ್ಯಾಯ ತೆಗೆದು, 14ನೇ ವಿಧಿಯನ್ನು ಬಾಯಿಬಿಟ್ಟು ಒಮ್ಮೆ ಓದುವುದು' ಎಂದು ಬರೆಯಿರಿ. ಪಿಎಚ್‌ಡಿ ಸಾರಾಂಶ ಬರೆಯಲಾಗದೆ ಕೂತವರು ಕಡತ ತೆರೆದು ಶೀರ್ಷಿಕೆಯನ್ನಷ್ಟೇ ಟೈಪ್ ಮಾಡಲಿ. ಜಿಎಸ್‌ಟಿ ರಿಟರ್ನ್ ಬಾಕಿ ಇದ್ದರೆ, ಬಿಲ್ಲುಗಳನ್ನು ತುಂಬಿಟ್ಟ ಚೀಲವನ್ನು ಅಟ್ಟದ ಮೇಲಿಂದ ಇಳಿಸುವುದೇ ಇವತ್ತಿನ ಕೆಲಸ.

ಆ ಹುಡುಗನಿಗೆ ಇನ್ನೊಂದು ಮಬ್ಬು ಇತ್ತು: ಸಬ್ಸಿಡಿ. ಪಿಎಂಎಫ್‌ಎಂಇ ಎಂಬ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಶೇ 35 ಸಹಾಯಧನ ಇಟ್ಟಿದ್ದರು, ಕರ್ನಾಟಕ ಸರ್ಕಾರ ಅದಕ್ಕೆ ಶೇ 15 ಸೇರಿಸಿ ಒಟ್ಟು ಶೇ 50 ಮಾಡಿತು, ಗರಿಷ್ಠ 15 ಲಕ್ಷ. ಇದನ್ನು ಅವನು ವಾಟ್ಸ್ಆ್ಯಪ್‌ನಲ್ಲಿ ಬಂದ ಹತ್ತು ವಿಡಿಯೋ ನೋಡಿ ತಿಳಿದುಕೊಳ್ಳಲು ಹೋಗಿ ಮತ್ತಷ್ಟು ಗೊಂದಲ ಮಾಡಿಕೊಂಡಿದ್ದ. ಅರ್ಜಿದಾರರಿಗೆ ರಿಪೋರ್ಟು, ಕಾಗದಪತ್ರ ತಯಾರಿಸಲು ನೆರವಾಗಲೆಂದೇ ಆ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಿದ್ದರು. ಇಂಥ ಯೋಜನೆಗಳ ಅವಧಿ, ನಿಯಮ ಬದಲಾಗುತ್ತಿರುತ್ತವೆ, ಹಾಗಾಗಿ ವಿಡಿಯೋ ಬಿಟ್ಟು ಕೃಷಿ ಇಲಾಖೆಯ ಕಚೇರಿಗೆ ಹೋಗಿ 'ಇದಕ್ಕ ಯಾರನ್ನ ಭೆಟ್ಟಿ ಆಗ್ಬೇಕ್ರೀ?' ಎಂದು ಕೇಳುವುದೇ ಸರಿಯಾದ ಚಲನೆ. ಎಡಿಎಚ್‌ಡಿ ಇದ್ದವರಿಗೆ ಮಾಹಿತಿ ಹುಡುಕುವುದು ಕೆಲಸ ಮಾಡಿದ ಹಾಗೇ ಅನಿಸುತ್ತದೆ. ಅದರ ರುಚಿ ಬೇರೆ. ನಾಲ್ಕು ತಾಸು ಹೋದದ್ದೇ ತಿಳಿಯುವುದಿಲ್ಲ.

3. ಒಂದನ್ನೇ ಆರಿಸಿ, ಉಳಿದವಕ್ಕೆ ಬೇರೆ ವಹಿ

ನಮ್ಮಂಥವರಿಗೆ ಶುರು ಮಾಡುವುದೇ ಕಷ್ಟ ಎಂದರೆ ನಮ್ಮನ್ನು ಬಲ್ಲವರು ನಕ್ಕಾರು. 'ನೀ ಎಷ್ಟು ಶುರು ಮಾಡೀದಿ ಅಂತ ನಮಗ ಗೊತ್ತಿಲ್ಲೇನು?' ನಿಜ. ಹೊಸದಕ್ಕೆ ಹುರುಪು ತಾನಾಗಿ ಬರುತ್ತದೆ. ಈ ವಾರ ಇದೇ ಬೇಕೆಂಬ ಕೆಲಸಕ್ಕೆ ಕೈ ಹಚ್ಚುವುದು ಕಷ್ಟ, ಅದನ್ನು ತಪ್ಪಿಸಲೆಂದೇ ಹೊಸತೊಂದು ಹೊಳೆಯುತ್ತದೆ.

ಹೊಳೆದದ್ದನ್ನು ಒದ್ದೋಡಿಸಬೇಡಿ, ಅದು ಹೋಗುವುದಿಲ್ಲ. ಒಂದು ಸಣ್ಣ ವಹಿ ಇಟ್ಟು ಅದರಲ್ಲಿ ತಾರೀಖು ಹಾಕಿ ಬರೆದು ಮುಚ್ಚಿ. ತಿಂಗಳಿಗೊಮ್ಮೆ ತೆಗೆದು ನೋಡಿ. ಖಾರಪುಡಿ ಹುಡುಗನ ವಹಿಯಲ್ಲಿ ಯೂಟ್ಯೂಬ್ ಚಾನೆಲ್, ಏಲಕ್ಕಿ ಹಾರದ ಆನ್‌ಲೈನ್ ವ್ಯಾಪಾರ, ಆಡು ಸಾಕಣೆ ಎಲ್ಲ ಇವೆ. ಇರಲಿ.

ಒಂದು ಎಚ್ಚರಿಕೆ: ಈ ವಹಿಗಾಗಿ ಕೊಪ್ಪೀಕರ ರಸ್ತೆಗೆ ಹೋಗಿ ಹೊಸ ಡೈರಿ, ಬಣ್ಣದ ಪೆನ್ನು ತರುವುದು ಬೇಡ. ಮನೆಯಲ್ಲಿರುವ ಅರ್ಧ ಬಳಸಿದ ನೋಟ್‌ಬುಕ್ ಸಾಕು.

4. 'ನಾಳೆ ಬೆಳಗ್ಗೆ' ಅನ್ನುವ ಬದಲು ಯಾವುದಾದರೂ ಘಟನೆಗೆ ಕಟ್ಟಿ

ಜರ್ಮನ್ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಪ್ರಕಟಿಸಿದ ಲೇಖನವೊಂದು ಈ ವಿಷಯದಲ್ಲಿ ಬಹಳ ಹೆಸರಾಯಿತು. ಗುರಿ ಇಟ್ಟುಕೊಂಡರೆ ಸಾಲದು, 'ಇಂಥದ್ದು ಆದಾಗ ನಾನು ಇಂಥದ್ದು ಮಾಡುತ್ತೇನೆ' ಎಂದು ಮೊದಲೇ ಕಟ್ಟಿಟ್ಟರೆ ಕೆಲಸ ಆಗುವ ಸಂಭವ ಹೆಚ್ಚು ಎಂಬುದು ಅದರ ಸಾರ. ಎಡಿಎಚ್‌ಡಿ ಇರುವ ಮಕ್ಕಳ ಮೇಲೂ ಈ ಉಪಾಯದ ಪ್ರಯೋಗ ನಡೆದಿದೆ. ಹೊತ್ತಿನ ಅಂದಾಜು ಸಿಗದವರಿಗೆ ಇದು ಯಾಕೆ ಹೊಂದುತ್ತದೆ ಎಂದರೆ, 'ಹತ್ತು ಗಂಟೆಗೆ' ಎಂಬುದು ಗಮನಕ್ಕೇ ಬಾರದೆ ಹಾದುಹೋಗುತ್ತದೆ. ಹಾಲಿನವನು ಗೇಟು ಬಡಿದದ್ದು ಹಾದುಹೋಗುವುದಿಲ್ಲ.

ಹಾಗಾಗಿ ಹೀಗೆ ಬರೆಯಿರಿ: 'ಮಕ್ಕಳ ಶಾಲೆ ವ್ಯಾನ್ ಹೋದ ಕೂಡಲೇ, ಒಳಗೆ ಬಂದು ಚಪ್ಪಲಿ ಬಿಟ್ಟು, ಕಾರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡುತ್ತೇನೆ.' 'ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸಿನಿಂದ ಇಳಿದ ಮೇಲೆ, ಚಹಾಕ್ಕೆ ನಿಲ್ಲದೆ ಸೀದಾ ಲೈಬ್ರರಿಗೆ ಹೋಗುತ್ತೇನೆ.' ಮೊದಲ ಭಾಗ ದಿನಾ ಆಗುವಂಥದ್ದಾಗಿರಲಿ, ಎರಡನೆಯದು ನೀವು ಹಾಳೆಯಲ್ಲಿ ಗುರುತಿಸಿದ ಆ ಸಣ್ಣ ಚಲನೆಯೇ ಆಗಿರಲಿ.

ನಮ್ಮ ಊರಿನವರಿಗೆ ಇನ್ನೊಂದು ಮಾತು. ಹುಬ್ಬಳ್ಳಿ-ಧಾರವಾಡದ ಬಹಳಷ್ಟು ಓಣಿಗಳಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ. ನೀರು ಬಿಡುವ ದಿನ ಮನೆಯ ಪೂರ್ತಿ ಲೆಕ್ಕಾಚಾರವೇ ತಪ್ಪುತ್ತದೆ: ಕೊಡ, ಡ್ರಮ್ಮು, ಮೋಟರು, ಬಟ್ಟೆ. ಆ ದಿನ ಹೊಸ ಕೆಲಸ ಶುರು ಮಾಡುತ್ತೇನೆಂದು ಬರೆಯಬೇಡಿ. ಅಮಾವಾಸ್ಯೆ ನೋಡಿ ಮುಹೂರ್ತ ತಪ್ಪಿಸುವ ಊರಿನಲ್ಲಿ ನೀರಿನ ದಿನ ನೋಡಿ ತಪ್ಪಿಸುವುದಕ್ಕೇನು ನಾಚಿಕೆ.

ರಾತ್ರಿ ಮಲಗುವ ಮುಂಚೆ ಜಾಗ ಸಿದ್ಧ ಮಾಡಿ. ಕಾರ್ಡು, ಪೆನ್ನು, ಹಾಳೆ ಟೇಬಲ್ ಮೇಲೆ. ಕಂಪ್ಯೂಟರ್ ಕೆಲಸವಾದರೆ ಬೇಕಾದ ಕಡತ ತೆರೆದೇ ಇರಲಿ, ಉಳಿದದ್ದೆಲ್ಲ ಮುಚ್ಚಿರಲಿ. ಫೋನ್ ಅಡುಗೆಮನೆಯಲ್ಲಿ. ಎಡಿಎಚ್‌ಡಿಯಲ್ಲಿ ಕಣ್ಣಿಗೆ ಕಾಣದ್ದು ಇಲ್ಲದ್ದೇ. ಕಪಾಟಿನೊಳಗೆ ಚೊಕ್ಕವಾಗಿ ಇಟ್ಟ ಫೈಲು ಆರು ತಿಂಗಳು ಅಲ್ಲೇ ಮಲಗುತ್ತದೆ. ಕಾಣುವಂತೆ ಇಡಿ, ಮನೆ ಸ್ವಲ್ಪ ಅಸ್ತವ್ಯಸ್ತ ಕಂಡರೂ ಪರವಾಗಿಲ್ಲ.

5. ಪಕ್ಕದಲ್ಲಿ ಒಬ್ಬರನ್ನು ಕೂಡ್ರಿಸಿಕೊಳ್ಳಿ

ಇನ್ನೊಬ್ಬರು ಪಕ್ಕದಲ್ಲಿ ತಮ್ಮ ಪಾಡಿಗೆ ತಾವು ಏನೋ ಮಾಡುತ್ತ ಕೂತರೆ ಎಡಿಎಚ್‌ಡಿ ಇದ್ದವರಿಗೆ ಕೆಲಸ ಆರಂಭಿಸುವುದು ಹಗುರಾಗುತ್ತದೆ. ಇದನ್ನು 'ಬಾಡಿ ಡಬಲಿಂಗ್' ಎಂದು ಕರೆಯುತ್ತಾರೆ. ಇದರ ಮೇಲೆ ಗಟ್ಟಿ ಸಂಶೋಧನೆ ಇನ್ನೂ ಕಡಿಮೆ, ಆದರೆ ಎಡಿಎಚ್‌ಡಿ ಇದ್ದವರನ್ನು ಕೇಳಿ ನೋಡಿ, ಹೆಚ್ಚಿನವರು ತಮಗೆ ತಿಳಿಯದೆಯೇ ಬಳಸಿರುತ್ತಾರೆ. ಸಪ್ತಾಪುರದ ಓದುವ ಕೋಣೆಗಳಲ್ಲಿ ತಿಂಗಳ ಫೀ ಕೊಟ್ಟು ಕೂರುವ ಹುಡುಗರು ರೂಮಿನಲ್ಲಿ ಕುರ್ಚಿ ಇಲ್ಲವೆಂದು ಅಲ್ಲಿಗೆ ಹೋಗುವುದಿಲ್ಲ. ಸುತ್ತ ಮೂವತ್ತು ತಲೆ ಬಗ್ಗಿರುವುದೇ ಆ ಜಾಗದ ಬೆಲೆ.

ಜೊತೆಗಾರರ ಆಯ್ಕೆಯಲ್ಲೇ ಎಲ್ಲ ಇದೆ. ವಿಷಯ ಗೊತ್ತಿದ್ದವರನ್ನು ಕರೆಯಬೇಡಿ, ಅವರು ಹೇಳಿಕೊಡಲು ಶುರು ಮಾಡುತ್ತಾರೆ. ಹರಟೆ ಗೆಳೆಯರನ್ನಂತೂ ಬೇಡವೇ ಬೇಡ, ಅದು ಗಿರಮಿಟ್ಟು-ಮಿರ್ಚಿಯಲ್ಲಿ ಮುಗಿಯುತ್ತದೆ. ಆ ಹುಡುಗ ಕರೆದದ್ದು ತನ್ನ ವೈನಿಯನ್ನು, ಅಂದರೆ ಅತ್ತಿಗೆಯನ್ನು. ಮಾತು ನಡೆದದ್ದು ಇಷ್ಟೇ:

'ವೈನಿ, ಒಂದರ್ಧಾ ತಾಸು ಇಲ್ಲೇ ಕುಂದರ್ರಿ. ನಾ ಫಾರ್ಮ್ ತುಂಬತೇನಿ.'

'ನನಗೇನ್ ತಿಳೀತದೋ ಮಾರಾಯ ಅದರಾಗ?'

'ತಿಳೀಬಾರದು. ನೀವು ಕಾಳು ಹಸನ ಮಾಡ್ರಿ. ನಾ ಎದ್ದು ಹೊಂಟ್ನೆಂದ್ರ "ಎಲ್ಲಿ ಹೊಂಟಿ" ಅಂತ ಅಷ್ಟ ಕೇಳ್ರಿ.'

ಅವನು ಎದ್ದ, ಅವರು ಕೇಳಿದರು, ಅವನು ಕೂತ. ಆ ಒಂದು ಪ್ರಶ್ನೆಯೇ ಸಾಕಾಗುತ್ತದೆ. ಬೈಯಬಾರದು, ಹುರಿದುಂಬಿಸಲೂ ಬಾರದು. 'ಎಷ್ಟಾತು?' ಎಂದು ಇಣುಕಿ ನೋಡುವವರು ಈ ಕೆಲಸಕ್ಕೆ ಬಾರರು.

ಮನೆಯಲ್ಲಿ ಯಾರೂ ಇಲ್ಲದಿದ್ದರೆ ವಿಡಿಯೋ ಕಾಲ್ ನಡೆಯುತ್ತದೆ: ಇಬ್ಬರೂ ಏನು ಮಾಡುತ್ತೇವೆಂದು ಒಂದೊಂದು ಸಾಲು ಹೇಳುವುದು, ಧ್ವನಿ ಮುಚ್ಚುವುದು, ಕೊನೆಗೆ ಏನಾಯಿತೆಂದು ಒಂದು ಸಾಲು ಹೇಳುವುದು.

6. ಮೊದಲ ಐದು ನಿಮಿಷ, ಆಮೇಲೆ ಬಿಡುವ ಜಾಗ

ಟೈಮರ್ ಐದು ನಿಮಿಷಕ್ಕಿಡಿ. ಐದು ನಿಮಿಷ ಆದ ಮೇಲೆ ನಿಲ್ಲಿಸಲು ನಿಮಗೆ ನಿಜವಾಗಿಯೂ ಅನುಮತಿ ಇರಬೇಕು. 'ಐದು ಅಂತ ಹೇಳಿ ಎರಡು ತಾಸು ಕೂಡ್ರಿಸೋಣ' ಎಂದು ನಿಮಗೆ ನೀವೇ ಮೋಸ ಮಾಡಿದರೆ ಮೂರನೇ ದಿನದ ಹೊತ್ತಿಗೆ ಮನಸ್ಸು ಅದನ್ನು ಹಿಡಿದುಬಿಡುತ್ತದೆ, ಆಮೇಲೆ ಐದಕ್ಕೂ ಒಪ್ಪುವುದಿಲ್ಲ. ಆ ಐದು ನಿಮಿಷದಲ್ಲಿ ಆಗುವುದು ಕೆಟ್ಟದಾಗಿಯೇ ಇರಲಿ. ಅರ್ಜಿಯನ್ನು ಪೆನ್ಸಿಲ್ಲಿನಲ್ಲಿ ತುಂಬಿ. ಪತ್ರವನ್ನು ಮೊದಲು ಆಡುಮಾತಿನಲ್ಲೇ ಬರೆಯಿರಿ: 'ಸಾಹೇಬ್ರ, ನಮಗ ಎಂಟು ಲಕ್ಷ ಸಾಲ ಬೇಕಾಗೇದ, ಯಾಕಂದ್ರ...' ತಿದ್ದುವುದು ಬೇರೆ ಕೆಲಸ, ಅದು ಇದಕ್ಕಿಂತ ಎಷ್ಟೋ ಹಗುರು.

25 ನಿಮಿಷ ಕೆಲಸ, 5 ನಿಮಿಷ ಬಿಡುವು ಎಂಬ ಪೊಮೊಡೊರೊ ಪದ್ಧತಿ ಎಲ್ಲರಿಗೂ ಗೊತ್ತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ತಮ್ಮ ವಿದ್ಯಾರ್ಥಿ ದಿನಗಳಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ್ದು. ನನ್ನ ಅಭಿಪ್ರಾಯದಲ್ಲಿ ಎಡಿಎಚ್‌ಡಿ ಇದ್ದವರಿಗೆ ಆ 25 ಎರಡೂ ಕಡೆ ಹೊಂದುವುದಿಲ್ಲ. ಶುರುವಿಗೆ ಅದು ಉದ್ದವಾಯಿತು. ಇನ್ನು ಮನಸ್ಸು ಹತ್ತಿ ಓಡತೊಡಗಿದಾಗ ಗಂಟೆ ಬಾರಿಸಿ ಎಬ್ಬಿಸಿದರೆ, ಆ ಐದು ನಿಮಿಷದ ಬಿಡುವು ಸಂಜೆವರೆಗೆ ಹೋಗುತ್ತದೆ. ಓಡುತ್ತಿದ್ದರೆ ಓಡಲಿ; ಊಟ, ನೀರು, ಮಗುವನ್ನು ಶಾಲೆಯಿಂದ ಕರೆತರುವುದು, ಇಷ್ಟಕ್ಕೆ ಮಾತ್ರ ಜೋರಾದ ಅಲಾರಾಂ ಇಡಿ.

ಈಗ ಯಾರೂ ಹೇಳದ ಒಂದು ವಿಷಯ. ಯಾವ ದೊಡ್ಡ ಕೆಲಸವನ್ನೂ ಒಮ್ಮೆ ಶುರು ಮಾಡಿದರೆ ಮುಗಿಯಲಿಲ್ಲ. ಅದನ್ನು ದಿನಾ ಶುರು ಮಾಡಬೇಕು. ನಡುವೆ ಸೋದರತ್ತೆಯ ಮಗಳ ಮದುವೆ ಬರುತ್ತದೆ, ಜಾತ್ರೆ ಬರುತ್ತದೆ, ಜ್ವರ ಬರುತ್ತದೆ, ಎಂಟು ದಿನ ತಪ್ಪಿದರೆ ಕೆಲಸ ಮತ್ತೆ ಬೆಟ್ಟವಾಗಿ ನಿಲ್ಲುತ್ತದೆ. ಆದ್ದರಿಂದ ಏಳುವ ಮುಂಚೆ ಎರಡು ನಿಮಿಷ ತೆಗೆದಿಟ್ಟು, ಮುಂದಿನ ಚಲನೆಯನ್ನು ಅದೇ ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು, ಹಾಳೆಯನ್ನು ಕೆಲಸದ ಮೇಲೆಯೇ ಇಟ್ಟು ಏಳಿ. 'ನಾಲ್ಕನೇ ಪುಟ, ಕಾಲಂ 11, ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ನೋಡಿ ತುಂಬುವುದು.' ಸಾಧ್ಯವಾದರೆ ಸುಲಭದ ಜಾಗದಲ್ಲಿ, ಸಾಲನ್ನು ಅರ್ಧಕ್ಕೇ ಬಿಡಿ. ಒಂದು ಪ್ರಕರಣ ಪೂರ್ತಿ ಮುಗಿಸಿ ಎದ್ದರೆ ನಾಳೆ ಹೊಸದನ್ನೇ ಶುರು ಮಾಡಬೇಕಾಗುತ್ತದೆ.

ದೀರ್ಘ ಬಿಡುವಿನ ನಂತರ ಮರಳುವಾಗ ಹಿಂದೆ ಬಾಕಿ ಉಳಿದದ್ದರ ಲೆಕ್ಕ ಹಾಕುತ್ತ ಕೂರಬೇಡಿ. ಹಾಳೆಯ ಮೇಲಿನ ಆ ಒಂದು ಸಾಲು ಮಾಡಿ, ಆಮೇಲೆ ಬೇಕಾದರೆ ಲೆಕ್ಕ.

7. ದೂರದ ಗಡುವನ್ನು ಹತ್ತಿರ ಎಳೆಯಿರಿ

ನಮಗೆ ನಾವೇ ಹಾಕಿಕೊಂಡ ಗಡುವು ಎಡಿಎಚ್‌ಡಿ ಮುಂದೆ ನಿಲ್ಲುವುದಿಲ್ಲ. ಬೇರೆಯವರು ಕಾಯುತ್ತಿದ್ದರೆ ನಿಲ್ಲುತ್ತದೆ. ಪ್ರೆಸ್ಸಿನ ಕೆಲಸ ನನಗೆ ಒಗ್ಗಿರುವುದಕ್ಕೆ ಅದೇ ಕಾರಣ: ಪಂಚಾಂಗ ಯುಗಾದಿಗೆ ಮುಂಚೆ ಅಂಗಡಿಗೆ ಹೋಗಬೇಕು, ಲಗ್ನಪತ್ರಿಕೆ ಲಗ್ನಕ್ಕೆ ಮುಂಚೆ. ಅಲ್ಲಿ ವಾದಕ್ಕೆ ಜಾಗವಿಲ್ಲ.

ನಿಮ್ಮ ಕೆಲಸಕ್ಕೆ ಅಂಥ ಗಡುವು ಇಲ್ಲದಿದ್ದರೆ ಹುಟ್ಟಿಸಿ. ಮೆಣಸಿನಕಾಯಿ ಆವಕ ಜನವರಿಯಿಂದ ಜೋರಾಗುತ್ತದೆ, ಬ್ಯಾಡಗಿ ಮಾರುಕಟ್ಟೆಯ ವಹಿವಾಟು ಸೋಮವಾರ ಮತ್ತು ಗುರುವಾರ. ಹಾಗಾಗಿ ಆ ಹುಡುಗ ಪರಿಚಯದ ದಲಾಲರೊಬ್ಬರಿಗೆ, 'ಈ ಗುರುವಾರ ಬರ್ತೇನ್ರಿ, ವರ್ಷಕ್ಕ ಎಷ್ಟು ಕ್ವಿಂಟಲ್ ಬೇಕು ಅಂತ ಬರಕೊಂಡ ಬರ್ತೇನಿ' ಎಂದು ಮಾತು ಕೊಟ್ಟ. ಬರೀಗೈಯಲ್ಲಿ ಹೋಗಲು ನಾಚಿಕೆ. ಬುಧವಾರ ರಾತ್ರಿ ಲೆಕ್ಕ ಆಯಿತು. ಬುಧವಾರ ರಾತ್ರಿಯೇ ಆಯಿತು ಎಂಬುದನ್ನು ಗಮನಿಸಿ. ಮಾತು ಮುಂದಿನ ತಿಂಗಳಿಗೆ ಕೊಟ್ಟಿದ್ದರೆ ಮುಂದಿನ ತಿಂಗಳೇ ಆಗುತ್ತಿತ್ತು. ಕೊಡುವ ಮಾತು ವಾರದೊಳಗಿನದಾಗಿರಲಿ, ಸಣ್ಣದಾಗಿರಲಿ, ಮುರಿದರೆ ನಾಚಿಕೆಯಾದೀತೇ ಹೊರತು ನಷ್ಟ ಆಗುವಂಥದ್ದಲ್ಲದಿರಲಿ.

ಮನೆಯವರಿಗೆ ಎರಡು ಮಾತು

'ಯಾವಾಗ ಮಾಡ್ತಿ?' ಎಂಬ ಪ್ರಶ್ನೆಗೆ ಉತ್ತರ ಎಡಿಎಚ್‌ಡಿ ಇದ್ದವರ ಹತ್ತಿರ ಇಲ್ಲ, ಇದ್ದಿದ್ದರೆ ಆಗಲೇ ಮಾಡಿರುತ್ತಿದ್ದರು. 'ಈಗ ಮೊದಲ ಏನ್ ತಗೀಬೇಕು? ತಗದ ಕೊಡ್ಲೇನು?' ಎಂದು ಕೇಳಿ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಓದಿ ಮುಗಿಸಿದವನು ದಿನಾ ಯಾಕೆ ಓದುವುದಿಲ್ಲ ಎಂಬ ಸಿಟ್ಟು ಸಹಜ. ಆ ರಾತ್ರಿ ಗಡುವು ಮೈಮೇಲೆ ಬಂದಿತ್ತು, ಅದಕ್ಕೇ ಆಯಿತು. ಅದನ್ನು ಸಾಕ್ಷಿ ಮಾಡಿ ಬೈದರೆ ಮುಂದಿನ ಸಲ ಅಂಜಿಕೆಯೂ ಸೇರಿ ಕೆಲಸ ಇನ್ನಷ್ಟು ಭಾರವಾಗುತ್ತದೆ.

8. ಡಾಕ್ಟರರ ಹತ್ತಿರ ಹೋಗುವುದು

ಮೇಲಿನದೆಲ್ಲ ಎಡಿಎಚ್‌ಡಿ ಇದೆಯೋ ಇಲ್ಲವೋ ತಿಳಿಯದವರಿಗೂ ಉಪಯೋಗಕ್ಕೆ ಬಂದೀತು. ಆದರೆ ರೀಲ್ಸ್ ನೋಡಿ 'ನನಗೂ ಇದೇ ಇದೆ' ಎಂದು ತೀರ್ಮಾನಿಸುವುದು ಸರಿಯಲ್ಲ. ವೈದ್ಯರು ಬಳಸುವ ಡಿಎಸ್ಎಂ-5 ಎಂಬ 2013ರ ಕೈಪಿಡಿಯ ಪ್ರಕಾರ ಲಕ್ಷಣಗಳು 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಮನೆ ಮತ್ತು ಶಾಲೆ ಅಥವಾ ಮನೆ ಮತ್ತು ಕೆಲಸ ಹೀಗೆ ಕನಿಷ್ಠ ಎರಡು ಕಡೆ ಇರಬೇಕು. ಏಕಾಗ್ರತೆಯ ಕೊರತೆಯ ಒಂಬತ್ತು, ಚಡಪಡಿಕೆ-ಆತುರದ ಒಂಬತ್ತು ಲಕ್ಷಣಗಳ ಪಟ್ಟಿಯಲ್ಲಿ ಯಾವುದಾದರೂ ಒಂದು ಗುಂಪಿನಿಂದ 17 ವರ್ಷ ದಾಟಿದವರಿಗೆ ಕನಿಷ್ಠ ಐದು ಹೊಂದಬೇಕು. ಬಹಳ ಹೊತ್ತು ತಲೆ ಕೊಡಬೇಕಾದ ಕೆಲಸವನ್ನು ತಪ್ಪಿಸುವುದು ಆ ಪಟ್ಟಿಯಲ್ಲೇ ಇದೆ.

ಇತ್ತೀಚೆಗಷ್ಟೇ ಕೆಲಸ ಶುರು ಮಾಡಲಾಗದಂತಾಗಿದ್ದರೆ ಬೇರೆ ಕಾರಣ ಹುಡುಕಬೇಕು. ಖಿನ್ನತೆ, ಥೈರಾಯ್ಡ್ ಕೊರತೆ, ರಕ್ತಹೀನತೆ, ನಿದ್ದೆಯ ತೊಂದರೆ ಇವೆಲ್ಲ ಹೊರಗಿನಿಂದ ಹೀಗೇ ಕಾಣುತ್ತವೆ.

ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎಲ್ಲರೂ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗ ಇದೆ. ಗದಗ, ಹಾವೇರಿಯವರು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು. ಹೊರಡುವುದೇ ಆಗುತ್ತಿಲ್ಲ ಎಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಅಕ್ಟೋಬರ್ 2022ರಲ್ಲಿ ಆರಂಭವಾಯಿತು, ಉಚಿತ, ಕನ್ನಡದಲ್ಲೇ ಮಾತಾಡಬಹುದು. 'ಹುಚ್ಚಾಸ್ಪತ್ರೆ' ಎಂಬ ಹಳೆ ಮಾತಿಗೆ ಅಂಜಿ ಧಾರವಾಡದವರು ಬೆಳಗಾವಿಗೆ, ಬೆಳಗಾವಿಯವರು ಧಾರವಾಡಕ್ಕೆ ಹೋಗುವುದನ್ನೂ ನೋಡಿದ್ದೇನೆ. ಹಾಗಾದರೂ ಸರಿ, ಹೋಗಿ.

ಹೋಗುವಾಗ ಎರಡು ವಸ್ತು ಒಯ್ಯಿರಿ. ಪ್ರಾಥಮಿಕ ಶಾಲೆಯ ಪ್ರಗತಿಪತ್ರ ಸಿಕ್ಕರೆ ಅದು, 'ಜಾಣ, ಆದರೆ ಲಕ್ಷ್ಯವಿಲ್ಲ' ಎಂಬಂಥ ಷರಾ ಇದ್ದರೆ ಬಹಳ ಉಪಯೋಗ. ಮತ್ತೆ ಅರ್ಧ ಪುಟದಲ್ಲಿ, ಕಳೆದ ತಿಂಗಳು ಶುರು ಮಾಡಲಾಗದ ಕೆಲಸಗಳ ಪಟ್ಟಿ ಮತ್ತು ಅದರಿಂದ ಆದ ನಷ್ಟ. ಸಾಧ್ಯವಾದರೆ ಚಿಕ್ಕಂದಿನಿಂದ ನಿಮ್ಮನ್ನು ನೋಡಿದ ಅವ್ವನನ್ನೋ ಅಕ್ಕನನ್ನೋ ಕರೆದೊಯ್ಯಿರಿ. ಡಾಕ್ಟರರ ಮುಂದೆ ಕೂತಾಗ ನಮಗೆ ಏನೂ ನೆನಪಾಗುವುದಿಲ್ಲ, ಅವರಿಗೆ ಎಲ್ಲ ನೆನಪಿರುತ್ತದೆ.

ಔಷಧಿ ಬೇಕೋ ಬೇಡವೋ ವೈದ್ಯರು ಹೇಳುತ್ತಾರೆ. ಮೀಥೈಲ್‌ಫೆನಿಡೇಟ್ ತೆಗೆದುಕೊಂಡ ದಿನವೇ ಪರಿಣಾಮ ತೋರುತ್ತದೆ, ಕಾನೂನಿನ ಬಿಗಿ ಇರುವ ಔಷಧಿಯಾದ್ದರಿಂದ ಚೀಟಿ ಇಲ್ಲದೆ ಸಿಗುವುದಿಲ್ಲ. ಅಟೊಮಾಕ್ಸೆಟಿನ್ ಪರಿಣಾಮ ಪೂರ್ತಿ ಕಾಣಲು ವಾರಗಳು ಬೇಕು. ಎರಡರಲ್ಲೂ ಬಿಪಿ, ನಾಡಿಬಡಿತ ನೋಡುತ್ತಿರಬೇಕು. ಗೆಳೆಯನ ಗುಳಿಗೆ ನುಂಗುವುದು ಬೇಡ. ಗುಳಿಗೆ ಗಮನ ಕೊಡುತ್ತದೆ, ಯಾವುದರ ಮೇಲೆ ಎಂದು ಹೇಳುವುದಿಲ್ಲ. ಹಾಳೆ ಆಗಲೂ ಬೇಕು.

9. ಆಗದ್ದನ್ನು ಕೈಬಿಡುವುದು

ಎಲ್ಲ ಮಾಡಿಯೂ ಒಂದು ಕೆಲಸ ತಿಂಗಳುಗಟ್ಟಲೆ ಅಲ್ಲಾಡದಿದ್ದರೆ ಅದು ನಿಮಗೆ ಬೇಕಾದದ್ದೇ ಎಂದು ಕೇಳಿಕೊಳ್ಳಿ. ಮಾವ ಹೇಳಿದರೆಂದು ಎಲ್‌ಎಲ್‌ಬಿ, ಗೆಳೆಯ ಹಾಕಿದನೆಂದು ಫ್ರಾಂಚೈಸಿ. ಇಂಥವು ಬಹಳ ಇರುತ್ತವೆ. ಮುಖ್ಯವಾದದ್ದು, ಸುಮ್ಮನೆ ಮರೆತಂತೆ ಬಿಡಬಾರದು. ಅರೆಬರೆ ಬಿಟ್ಟ ಕೆಲಸ ತಲೆಯಲ್ಲಿ ಬಾಡಿಗೆ ಕೊಡದೆ ಕೂತಿರುತ್ತದೆ, ಅದರ ಜಾಗಕ್ಕೆ ಬೇರೆ ಬರಲು ಬಿಡುವುದಿಲ್ಲ. ವಹಿಯಲ್ಲಿ ಆ ಕೆಲಸದ ಮುಂದೆ 'ಕೈಬಿಟ್ಟಿದ್ದೇನೆ' ಎಂದು ತಾರೀಖು ಹಾಕಿ ಬರೆಯಿರಿ. ಕೊಟೇಶನ್ ಕೊಟ್ಟವರಿಗೆ ಫೋನ್ ಮಾಡಿ 'ಸದ್ಯಕ್ಕ ಬ್ಯಾಡ್ರಿ, ಬೇಕಾದ್ರ ನಾನ ಫೋನ್ ಮಾಡ್ತೇನಿ' ಎಂದು ಹೇಳಿ. ಮುಂಗಡ ಕೊಟ್ಟಿದ್ದರೆ ರಸೀದಿ ಹುಡುಕಿ ಟೇಬಲ್ ಮೇಲೆ ಇಡಿ, ವಾಪಸ್ ಕೇಳಲು ಹೋಗುವಾಗ ಅದು ಬೇಕಾಗುತ್ತದೆ.